ಭಾಷಾವಿಜ್ಞಾನದ ಮೇಷ್ಟ್ರಾಗಬೇಕೇ? ಅರ್ಜಿಯಿಂದ ಡೆಮೊವರೆಗೆ

ಭಾಷಾವಿಜ್ಞಾನ ಓದಿದವರೂ ಇಂಗ್ಲಿಷ್ ಬೋಧನೆಯಲ್ಲಿ ಪಿಎಚ್‌ಡಿ ಮಾಡಿದವರೂ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಓಡಾಡುವುದನ್ನು ಹತ್ತಿರದಿಂದ ನೋಡುತ್ತಾ ಬಂದಿದ್ದೇನೆ. ಓದಿನಲ್ಲಿ ಯಾರೂ ಕಡಿಮೆ ಇಲ್ಲ. ಎಡವುವುದು ಎರಡೇ ಕಡೆ: ಅರ್ಜಿಯ ‘ವಿಷಯ’ ಕಾಲಂನಲ್ಲಿ ಮತ್ತು ಡೆಮೊ ಪಾಠದಲ್ಲಿ.

1. ಅರ್ಹತೆ

ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ, ಜೊತೆಗೆ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ನೆಟ್ ಅಥವಾ ರಾಜ್ಯಮಟ್ಟದ ಸೆಟ್. 2023ರ ಜುಲೈನಿಂದ ಈ ಹುದ್ದೆಗೆ ಪಿಎಚ್‌ಡಿ ಕಡ್ಡಾಯವಲ್ಲ. ಐಐಟಿಗಳ ಮಾನವಿಕ ವಿಭಾಗಗಳ ಲೆಕ್ಕ ಬೇರೆ, ಅಲ್ಲಿ ಪಿಎಚ್‌ಡಿ ಇಲ್ಲದೆ ಬಾಗಿಲು ತೆರೆಯುವುದಿಲ್ಲ. ಕರ್ನಾಟಕದ ಸೆಟ್ ಆದ ಕೆಸೆಟ್‌ಗೆ ಬೆಲೆ ಕರ್ನಾಟಕದ ಒಳಗೆ ಮಾತ್ರ. ಹೈದರಾಬಾದಿನ ಇಫ್ಲುಗೋ (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ) ದೆಹಲಿಯ ಜೆಎನ್‌ಯುಗೋ ಅರ್ಜಿ ಹಾಕುವವರಿಗೆ ಅದು ಸಾಲದು. ಇನ್ನೊಂದು ವಿಷಯ. 2024ರ ಜೂನ್ ಪರೀಕ್ಷೆಯಿಂದ ನೆಟ್ ಫಲಿತಾಂಶ ಮೂರು ಬಗೆಯಲ್ಲಿ ಬರುತ್ತಿದೆ. ‘ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ’ ಎಂದು ಬಂದಿದ್ದರೆ ಅದು ಮೇಷ್ಟ್ರ ಕೆಲಸಕ್ಕೆ ನಡೆಯುವುದಿಲ್ಲ.

2. ವಿಷಯದ ಕಾಲಂ

ನೆಟ್‌ನಲ್ಲಿ ಭಾಷಾವಿಜ್ಞಾನದ ಸಂಕೇತ 31, ಇಂಗ್ಲಿಷಿನದು 30, ಶಿಕ್ಷಣದ್ದು 9. ದ್ವಿತೀಯ ಭಾಷಾ ಬೋಧನೆಗೆ ಪ್ರತ್ಯೇಕ ಪರೀಕ್ಷೆಯೇ ಇಲ್ಲ. ಹಾಗಾಗಿ ಅದರಲ್ಲಿ ಪಿಎಚ್‌ಡಿ ಮಾಡಿದವರು ಈ ಮೂರರ ನಡುವೆ ಸಿಕ್ಕಿಹಾಕಿಕೊಳ್ಳುತ್ತಾರೆ. ಜಾಹೀರಾತಿನಲ್ಲಿ ‘ಸಂಬಂಧಿತ ವಿಷಯ’ ಎಂದಷ್ಟೇ ಇದ್ದರೆ ಸುಮ್ನೆ ಶುಲ್ಕ ಕಟ್ಟಬೇಡಿ. ನಿಮ್ಮ ಎಂ.ಎ. ವಿಷಯ ಬರೆದು ನೇಮಕಾತಿ ವಿಭಾಗಕ್ಕೆ ಇಮೇಲ್ ಮಾಡಿ, ಉತ್ತರವನ್ನು ಇಟ್ಟುಕೊಳ್ಳಿ.

ಮುಂದಿನದು ಅಂಕಗಳ ಲೆಕ್ಕ. 2018ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲಿ ವಿಶ್ವವಿದ್ಯಾಲಯದ ಹುದ್ದೆಗೆ ಶಾರ್ಟ್‌ಲಿಸ್ಟ್ ಮಾಡುವುದು 100 ಅಂಕಕ್ಕೆ. ಪಿಎಚ್‌ಡಿಗೆ 30. ಕಡ್ಡಾಯವಲ್ಲ ಅಂದರೂ ಇದಿಲ್ಲದೆ ಪಟ್ಟಿಯಲ್ಲಿ ಮೇಲೆ ಬರುವುದು ಕಷ್ಟ. ಪ್ರಕಟಿತ ಲೇಖನಕ್ಕೆ ತಲಾ 2, ಒಟ್ಟು ಹತ್ತೇ ಅಂಕ. ಅಂದರೆ ಐದು ಲೇಖನಕ್ಕೆ ಕೋಟಾ ಮುಗಿಯಿತು. ‘ಮೂರು ದಿನದಲ್ಲಿ ಪ್ರಕಟಣೆ, ಪ್ರಮಾಣಪತ್ರ ಉಚಿತ’ ಎಂದು ಮೇಲ್ ಕಳಿಸುವ ನಿಯತಕಾಲಿಕಗಳಿಗೆ ದುಡ್ಡು ಸುರಿಯಬೇಡಿ. ಸಂದರ್ಶನದಲ್ಲಿ ತಜ್ಞರು ಆ ಹೆಸರು ನೋಡಿದರೆ ಉಳಿದ ಒಳ್ಳೆಯ ಲೇಖನಗಳ ಮೇಲೂ ಅನುಮಾನ ಬರುತ್ತದೆ. ಈ 100 ಅಂಕ ಕರೆ ಬರುವವರೆಗೆ ಮಾತ್ರ. ಆಮೇಲೆ ಲೆಕ್ಕಕ್ಕೆ ಬರುವುದು ಸಂದರ್ಶನ ಒಂದೇ.

3. ಡೆಮೊ ಪಾಠ

ಹಲವು ಕಡೆ ಸಂದರ್ಶನದ ಜೊತೆ ಹತ್ತು ನಿಮಿಷ ಪಾಠ ಮಾಡಿಸುತ್ತಾರೆ. ಹೆಚ್ಚಿನವರು ಇಲ್ಲೇ ಕೆಡುತ್ತಾರೆ. ಮೊದಲ ಸ್ಲೈಡಿನಲ್ಲಿ ಭಾಷಾ ಕಲಿಕೆಯ ಸಿದ್ಧಾಂತಿ ಕ್ರಾಶೆನ್, ಎರಡನೆಯದರಲ್ಲಿ ಮನೋವಿಜ್ಞಾನಿ ವೈಗಾಟ್‌ಸ್ಕಿ, ಮೂರನೆಯದು ಬರುವಷ್ಟರಲ್ಲಿ ‘ಸಮಯ ಆಯ್ತು’. ಎದುರು ಕೂತವರು ಅದನ್ನೇ ಎಷ್ಟೋ ವರ್ಷ ಪಾಠ ಮಾಡಿದವರು. ಅವರಿಗೆ ಬೇಕಾಗಿರುವುದು ನೀವು ಒಂದು ಸಣ್ಣ ವಿಷಯ ಕಲಿಸಿ ತೋರಿಸುವುದು.

ನನ್ನನ್ನು ಕೇಳಿದರೆ ಕನ್ನಡ ಬಾರದವರಿಗೆ ‘ನನಗೆ’ ಕಲಿಸಿ. ವಿಟಿಯು ಎಂಜಿನಿಯರಿಂಗ್ ಕಾಲೇಜುಗಳ ‘ಬಳಕೆ ಕನ್ನಡ’ ತರಗತಿ ಎಂದುಕೊಳ್ಳಿ. ಹುಡುಗ ಕ್ಯಾಂಟೀನಿನಲ್ಲಿ ‘ನಾನು ಕಾಫಿ ಬೇಕು’ ಅನ್ನುತ್ತಾನೆ. ಬೋರ್ಡಿನಲ್ಲಿ ಒಂದು ಕಡೆ ‘ನನಗೆ ಕಾಫಿ ಬೇಕು, ನನಗೆ ಸಕ್ಕರೆ ಬೇಡ, ನನಗೆ ಕನ್ನಡ ಸ್ವಲ್ಪ ಬರುತ್ತೆ, ನನಗೆ ದಾರಿ ಗೊತ್ತಿಲ್ಲ’ ಎಂದು ಬರೆಯಿರಿ. ಇನ್ನೊಂದು ಕಡೆ ‘ನಾನು ಕಾಫಿ ಕುಡಿಯುತ್ತೇನೆ, ನಾನು ಬಸ್ಸಿನಲ್ಲಿ ಬರುತ್ತೇನೆ’. ಚತುರ್ಥಿ ವಿಭಕ್ತಿ ಅನ್ನುವ ಮಾತೇ ಎತ್ತಬೇಡಿ. ಎರಡು ಗುಂಪಿಗೂ ಏನು ವ್ಯತ್ಯಾಸ ಎಂದು ಕೇಳಿ, ಸುಮ್ಮನಿರಿ. ಆ ಮೌನ ತಡೆಯಲಾರದೆ ತಾವೇ ಉತ್ತರ ಹೇಳಿಬಿಡುವವರೇ ಜಾಸ್ತಿ. ಹಾಗೆ ಮಾಡಬೇಡಿ. ಮಾಡುವ ಕೆಲಸಕ್ಕೆ ‘ನಾನು’, ಬೇಕು-ಬೇಡ-ಗೊತ್ತುಗಳಿಗೆ ‘ನನಗೆ’ ಎಂದು ಎದುರಿನವರ ಬಾಯಿಂದಲೇ ಬರಲಿ.

ಇಲ್ಲಿ ನಿಮ್ಮ ಭಾಷಾವಿಜ್ಞಾನ ತೋರಿಸಲು ಜಾಗ ಇದೆ. ಹಿಂದಿಯವರಿಗೆ ‘ಮುಝೆ ಚಾಹಿಯೇ’ ಇರುವುದರಿಂದ ‘ನನಗೆ ಬೇಕು’ ಬೇಗ ಹಿಡಿಯುತ್ತದೆ. ಆದರೆ ‘ಮೈ ಜಾನ್ತಾ ಹೂಂ’ ರೂಢಿಯಿಂದ ‘ನಾನು ಗೊತ್ತು’ ಹುಟ್ಟಬಹುದು. ಈ ಒಂದು ಮಾತು ಹತ್ತು ಸ್ಲೈಡಿಗೆ ಸಮ. ಕೊನೆಯ ಮೂರು ನಿಮಿಷ ಸಮಿತಿಯವರನ್ನೇ ಕ್ಯಾಂಟೀನಿನ ಗಿರಾಕಿ ಮಾಡಿ. ಕನ್ನಡ ಬಾರದ ತಜ್ಞರಿದ್ದರಂತೂ ಅದೃಷ್ಟ, ನಿಜವಾದ ವಿದ್ಯಾರ್ಥಿಗಳೇ ಸಿಕ್ಕಂತಾಯ್ತು. ಯಾರಾದರೂ ‘ನಾನು ಬೇಕು’ ಅಂದರೆ ‘ತಪ್ಪು’ ಎನ್ನದೆ, ‘ಓ, ನಿಮಗೆ ಕಾಫಿ ಬೇಕಾ?’ ಎಂದು ಸರಿಯಾಗಿ ತಿರುಗಿಸಿ ಹೇಳಿ ಮುಂದೆ ಹೋಗಿ. ಹಾಗೇಕೆ ತಿದ್ದಿದಿರಿ ಎಂದು ಖಂಡಿತ ಕೇಳುತ್ತಾರೆ. ಕ್ರಾಶೆನ್‌ರನ್ನು ಆಗ ಕರೆಯಿರಿ.

ಇಂಗ್ಲಿಷ್ ಬೋಧನೆಯ ಹುದ್ದೆಗೂ ಇದೇ ಕ್ರಮ. ಕನ್ನಡದಲ್ಲಿ ಇಲ್ಲದ ಆರ್ಟಿಕಲ್‌ಗಳಾದ ‘ಎ’ (a), ‘ದ’ (the) ತೆಗೆದುಕೊಳ್ಳಿ. ಧ್ವನಿವಿಜ್ಞಾನವಾದರೆ ಲ-ಳ ವ್ಯತ್ಯಾಸ ತೋರಿಸಲು ಬೆಲೆ-ಬೆಳೆ ಸಾಕು. ಮಾರ್ಕರ್ ಮತ್ತು ಸೀಮೆಸುಣ್ಣ ಎರಡೂ ಜೇಬಿನಲ್ಲಿರಲಿ. ಪ್ರೊಜೆಕ್ಟರ್ ನಂಬಬೇಡಿ.

ಅಂದಹಾಗೆ, ಬೋಧನಾ ಹೇಳಿಕೆ (ನೀವು ಹೇಗೆ ಕಲಿಸುತ್ತೀರಿ ಎಂದು ಬರೆದುಕೊಡುವ ಟಿಪ್ಪಣಿ) ಕೇಳಿದರೆ ಚಾಟ್‌ಜಿಪಿಟಿ ಕೈಯಲ್ಲಿ ಬರೆಸಬೇಡಿ. ‘ವಿದ್ಯಾರ್ಥಿ ಕೇಂದ್ರಿತ ಕಲಿಕೆಯಲ್ಲಿ ನನಗೆ ಅಚಲ ನಂಬಿಕೆ’ ಎನ್ನುವ ಸಾಲು ಎಲ್ಲರ ಅರ್ಜಿಯಲ್ಲೂ ಇರುತ್ತದೆ. ನೀವು ಕಲಿಸಿದ ಒಂದು ತರಗತಿ, ಅಲ್ಲಿ ಕಂಡ ಒಂದು ತಪ್ಪು, ನೀವು ಮಾಡಿದ ಬದಲಾವಣೆ. ಇಷ್ಟು ಬರೆದರೆ ಸಾಕು.

4. ಸಂದರ್ಶನ

ಸಮಿತಿಯಲ್ಲಿ ಕುಲಪತಿ ಅಥವಾ ಅವರ ಪ್ರತಿನಿಧಿ, ಡೀನ್, ವಿಭಾಗದ ಮುಖ್ಯಸ್ಥರು, ಮೂವರು ವಿಷಯ ತಜ್ಞರು ಇರುತ್ತಾರೆ. ಆ ವಿಭಾಗದ ಪಠ್ಯಕ್ರಮವನ್ನು ಜಾಲತಾಣದಿಂದ ಇಳಿಸಿಕೊಂಡು, ನೀವು ಕಲಿಸಬಲ್ಲ ಪತ್ರಿಕೆಗಳನ್ನು ಗುರುತು ಹಾಕಿಕೊಂಡು ಹೋಗಿ. ಪಿಎಚ್‌ಡಿ ಪ್ರಬಂಧದ ಸಾರಾಂಶ ಎರಡು ನಿಮಿಷಕ್ಕೆ ಮೀರಬಾರದು.

ಈಗಾಗಲೇ ಸರ್ಕಾರಿ ಕೆಲಸದಲ್ಲಿದ್ದರೆ ನಿರಾಕ್ಷೇಪಣಾ ಪತ್ರಕ್ಕೆ ಅರ್ಜಿ ಹಾಕುವ ದಿನವೇ ಕೇಳಿಕೊಳ್ಳಿ. ಸಂದರ್ಶನದ ಪತ್ರ ಬಂದ ಮೇಲೆ ಕೇಳಿದರೆ ಕಡತ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಸಂದರ್ಶನವೇ ಮುಗಿದಿರುತ್ತದೆ.