ವಿಡಿಯೊ ಪೂರ್ತಿ ನೋಡದೆ 18 ಕ್ರೆಡಿಟ್: ಎನ್‌ಪಿಟಿಇಎಲ್‌ನಲ್ಲಿ ನನ್ನ ಅನುಭವ

ಆನರ್ಸ್ ಪದವಿಗೆ ಹೆಚ್ಚುವರಿಯಾಗಿ ಬೇಕಾಗಿದ್ದ 18 ಕ್ರೆಡಿಟ್‌ಗಳೂ ಎನ್‌ಪಿಟಿಇಎಲ್‌ನಿಂದ, ಅಂದರೆ ಐಐಟಿಗಳಂಥ ಸಂಸ್ಥೆಗಳ ಆನ್‌ಲೈನ್ ಕೋರ್ಸುಗಳಿಂದ, ನನ್ನ ಕೈಗೆ ಬಂದಿವೆ. ನಮ್ಮ ವಿಭಾಗದಲ್ಲಿ ಹುಮ್ಮಸ್ಸಿನಿಂದ ಶುರು ಮಾಡಿದವರು ಮೂವತ್ತರ ಹತ್ತಿರ ಇದ್ದರು, ಮುಗಿಸಿದವರು ಬೆರಳೆಣಿಕೆಯಷ್ಟು. ‘ಪಾಠ ಪೂರ್ತಿ ನೋಡದೆ, ಅದೂ ಒಂದೇ ಅವಧಿಯಲ್ಲಿ ಮೂರು ಕೋರ್ಸ್? ದುಡ್ಡು ದಂಡ’ ಎಂದಿದ್ದವರೇ ಈಗ ನನ್ನ ಸ್ಪೈರಲ್ ಬೈಂಡಿಂಗ್ ಪುಸ್ತಕಗಳನ್ನು ಕೇಳಿಕೊಂಡು ಬರುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಈ ಕೋರ್ಸುಗಳಿರುವ ಸರ್ಕಾರಿ ತಾಣ ಸ್ವಯಂನಲ್ಲಿ ಖಾತೆ ತೆರೆಯುವುದು, ಕೋರ್ಸಿಗೆ ಸೇರುವುದು, ಸ್ಪಾಕ್ (ಕಾಲೇಜಿನ ಎನ್‌ಪಿಟಿಇಎಲ್ ಸಂಯೋಜಕರು) ಅಂದರೆ ಯಾರು ಎಂಬುದೆಲ್ಲ ಓದುವವರಿಗೆ ಗೊತ್ತಿದೆ ಎಂದುಕೊಂಡಿದ್ದೇನೆ.

ಮೊದಲು ಸೋತ ಕಥೆ. 2024ರ ಜುಲೈ ಅವಧಿ, ಶಿರೂರಿನಲ್ಲಿ ಗುಡ್ಡ ಕುಸಿದ ವರ್ಷ. ನಾನು ಆರಿಸಿಕೊಂಡದ್ದು ಐಐಟಿ ಮದ್ರಾಸಿನ ಮಷೀನ್ ಲರ್ನಿಂಗ್, ಹನ್ನೆರಡು ವಾರದ ಕೋರ್ಸು. ಎಲ್ಲರೂ ಹೇಳಿಕೊಡುವ ಕ್ರಮವನ್ನೇ ಅಕ್ಷರಶಃ ಪಾಲಿಸಿದೆ: ದಿನಕ್ಕೊಂದು ಪಾಠ, ನಿಲ್ಲಿಸಿ ನಿಲ್ಲಿಸಿ ಟಿಪ್ಪಣಿ, ಮೂರು ಬಣ್ಣದ ಪೆನ್ನು. ಅರ್ಧ ಗಂಟೆಯ ವಿಡಿಯೊ ಮುಗಿಯಲು ಒಂದೂವರೆ ಗಂಟೆ ಹಿಡಿಯುತ್ತಿತ್ತು. ನೋಟ್‌ಬುಕ್ ನೋಡಲು ಬಲು ಚಂದ. ಆದರೆ ಸೆಮಿಸ್ಟರ್ ರಜೆ ಬಂದು ಊರಿಗೆ ಹೋದಾಗ ಲೆಕ್ಕವೆಲ್ಲ ತಲೆಕೆಳಗಾಯಿತು. ನಮ್ಮ ಮನೆ ಸಿದ್ದಾಪುರ ತಾಲ್ಲೂಕಿನ ಒಳಗಿನ ಹಳ್ಳಿಯಲ್ಲಿದೆ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿತ್ತೆಂದರೆ ಎರಡು ಮೂರು ದಿನ ಕರೆಂಟ್ ಇಲ್ಲ, ಅದರ ಬೆನ್ನಿಗೇ ಟವರೂ ಮಲಗುತ್ತದೆ. ಸಿಗ್ನಲ್ ಹುಡುಕಿಕೊಂಡು ಬೆಟ್ಟ ಹತ್ತಿ, ಕೊಡೆಯೊಳಗೆ ಮೊಬೈಲ್ ಹಿಡಿದು, ಗಡುವು ಮುಗಿಯುವ ಬುಧವಾರ ರಾತ್ರಿ ಹನ್ನೊಂದೂವರೆಗೆ ಅಸೈನ್‌ಮೆಂಟ್ ಒತ್ತಿದ್ದೂ ಉಂಟು, ಅದು ಹೋಗದೆ ತಿರುಗುತ್ತಲೇ ಉಳಿದದ್ದೂ ಉಂಟು. ‘ಕೂಸೇ, ಉಂಬಳಕ್ಕೆ ರಕ್ತ ಕೊಟ್ಟು ಓದುವಂಥದ್ದು ಏನಿದೆ ಅದರಲ್ಲಿ?’ ಎಂದು ಅಪ್ಪ ಕೇಳಿದ್ದರು.

ಇಷ್ಟಾಗಿ ಫಲಿತಾಂಶ ಏನು? ಅಸೈನ್‌ಮೆಂಟ್‌ನಲ್ಲಿ 25ಕ್ಕೆ 21ರ ಸುಮಾರು, ಪರೀಕ್ಷೆಯಲ್ಲಿ 75ಕ್ಕೆ 27. ಒಟ್ಟು 48 ಆದರೂ ಪ್ರಮಾಣಪತ್ರ ಇಲ್ಲ. ಇದನ್ನು ಗಮನಿಸದವರು ಬಹಳ ಜನ: ಒಟ್ಟು 40 ದಾಟಿದರೆ ಸಾಲದು, ಅಸೈನ್‌ಮೆಂಟ್‌ನಲ್ಲಿ 10 ಮತ್ತು ಪರೀಕ್ಷೆಯಲ್ಲಿ 30 ಬೇರೆ ಬೇರೆಯಾಗಿಯೇ ಬರಬೇಕು. ಟೆಲಿಗ್ರಾಂ ಗುಂಪಿನಲ್ಲಿ ಬರುವ ಉತ್ತರ ನಕಲು ಮಾಡಿ 25ಕ್ಕೆ 24 ಗಿಟ್ಟಿಸಿಕೊಂಡು, ಪರೀಕ್ಷೆಯಲ್ಲಿ 30 ಮುಟ್ಟಲಾಗದೆ ಉಳಿದ ಇಬ್ಬರು ನನ್ನ ಹಾಸ್ಟೆಲ್ ಕೋಣೆಯಲ್ಲೇ ಇದ್ದರು. ನನ್ನದು ಪ್ರಾಮಾಣಿಕವಾದ ಫೇಲು ಎಂಬುದಷ್ಟೇ ವ್ಯತ್ಯಾಸ. ಸಾವಿರ ರೂಪಾಯಿ ಎಲ್ಲರದೂ ಸಮನಾಗಿಯೇ ಹೋಯಿತು.

ಆ ಡಿಸೆಂಬರಿನಲ್ಲಿ ಲೆಕ್ಕ ಹಾಕಲು ಕುಳಿತೆ. ಹನ್ನೆರಡು ವಾರದ ಕೋರ್ಸಿನಲ್ಲಿ ಅತ್ಯುತ್ತಮ ಎಂಟು ಅಸೈನ್‌ಮೆಂಟ್‌ಗಳನ್ನು ಮಾತ್ರ ಪರಿಗಣಿಸುತ್ತಾರೆ. ಅಂದರೆ ನಾಲ್ಕು ವಾರ ಮಳೆಗೋ ಜ್ವರಕ್ಕೋ ಮದುವೆ ಮನೆಗೋ ಬಿಟ್ಟುಕೊಡಬಹುದು. ಪ್ರಮಾಣಪತ್ರದಲ್ಲಿ ಎಲೀಟ್, ಅದರ ಮೇಲೆ ಬೆಳ್ಳಿ, ಚಿನ್ನ ಎಂಬ ದರ್ಜೆಗಳಿವೆ. ಅಸೈನ್‌ಮೆಂಟ್‌ನಲ್ಲಿ 24 ಕೈಯಲ್ಲಿದ್ದರೆ ಎಲೀಟ್‌ಗೆ ಬೇಕಾದ ಒಟ್ಟು 60 ಆಗಲು ಪರೀಕ್ಷೆಯಲ್ಲಿ 75ಕ್ಕೆ 36 ಸಾಕು. ಬೆಳ್ಳಿಗೆ ಬೇಕಾದ ಒಟ್ಟು 75 ಆಗಲು ಪರೀಕ್ಷೆಯಲ್ಲಿ 51 ಬೇಕು. ಚಿನ್ನಕ್ಕೆ 66 ಬೇಕು, ಅದರ ಗೋಜಿಗೆ ನಾನು ಹೋಗಲಿಲ್ಲ. ಕ್ರೆಡಿಟ್ ಲೆಕ್ಕದಲ್ಲಿ ಚಿನ್ನಕ್ಕೂ ಬೆಳ್ಳಿಗೂ ಸಿಗುವುದು ಅದೇ ಮೂರು.

ಕೋರ್ಸಿನ ಆಯ್ಕೆಯಲ್ಲೇ ಅರ್ಧ ಗೆಲುವಿದೆ. ನಾನು ಹಾಕಿಕೊಂಡ ಮೊದಲ ನಿಯಮ, ಹೊಸ ಕೋರ್ಸು ಬೇಡ. ಮೂರ್ನಾಲ್ಕು ಸಲ ನಡೆದ ಕೋರ್ಸಾದರೆ ಹಳೆಯ ಅವಧಿಯ ವಿಡಿಯೊ, ಪಾಠದ ಲಿಖಿತ ರೂಪ, ಹಳೆಯ ಅಸೈನ್‌ಮೆಂಟ್ ಎಲ್ಲವೂ ಎನ್‌ಪಿಟಿಇಎಲ್ ತಾಣದಲ್ಲೇ ಸಿಗುತ್ತವೆ. ಜನವರಿ ಶುರುವಾಗುವ ಮೊದಲೇ ಹಾಸ್ಟೆಲಿನ ವೈಫೈಯಲ್ಲಿ ಎಲ್ಲವನ್ನೂ ಇಳಿಸಿಕೊಂಡೆ. ಎರಡನೆಯದು, ಕೋರ್ಸಿನ ಪುಟದಲ್ಲಿ ಪರೀಕ್ಷೆಯ ದಿನಾಂಕ ಮೊದಲೇ ಇರುತ್ತದೆ. ಅದನ್ನು ನೋಡದೆ ಸೇರಬಾರದು. ಬೆಳಿಗ್ಗೆ 9ರಿಂದ 12, ಮಧ್ಯಾಹ್ನ 2ರಿಂದ 5, ಹೀಗೆ ಎರಡು ಪಾಳಿಗಳಿವೆ. ಒಂದೇ ವಾರಾಂತ್ಯದಲ್ಲಿ ಶನಿವಾರ ಎರಡು, ಭಾನುವಾರ ಒಂದು ಪರೀಕ್ಷೆ ಬರುವಂತೆ ಮೂರು ಕೋರ್ಸುಗಳನ್ನು ಹೊಂದಿಸಿಕೊಂಡೆ. ಕಾಲೇಜಿನ ಇಂಟರ್ನಲ್ ಪರೀಕ್ಷೆಗಳಿಗೆ ಅಡ್ಡ ಬರದ ವಾರಾಂತ್ಯವೇ ಬೇಕಿತ್ತು, ಅದಕ್ಕಾಗಿ ನನಗೆ ಬಹಳ ಇಷ್ಟವಿದ್ದ ಒಂದು ಕೋರ್ಸನ್ನು ಕೈಬಿಟ್ಟೆ.

ನಮ್ಮ ಕಾಲೇಜಿರುವ ಊರಿನಲ್ಲಿ ಪರೀಕ್ಷಾ ಕೇಂದ್ರವಿಲ್ಲ. ಹುಬ್ಬಳ್ಳಿಯನ್ನು ಆರಿಸಿಕೊಂಡೆ, ಅಲ್ಲಿ ಚಿಕ್ಕಮ್ಮನ ಮನೆಯಿದೆ. ಶಕ್ತಿ ಯೋಜನೆಯಿಂದಾಗಿ ಬಸ್ಸಿಗೆ ಖರ್ಚಿಲ್ಲ, ಆಧಾರ್ ತೋರಿಸಿದರಾಯಿತು. ನನ್ನ ಜತೆ ಬಂದ ಹುಡುಗರಿಗೆ ಬಸ್ಸು, ಲಾಡ್ಜು, ಊಟ ಎಂದು ಪ್ರತಿ ಸಲವೂ ಸಾವಿರದ ಮೇಲೆ ಖರ್ಚಾಯಿತು. ನನ್ನದು ಆಟೊಗೆ ಇನ್ನೂರು ಮುನ್ನೂರರಲ್ಲಿ ಮುಗಿಯಿತು. ಪರೀಕ್ಷಾ ಶುಲ್ಕ ಕೋರ್ಸಿಗೆ ಸಾವಿರ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಅಂಗವಿಕಲರಿಗೆ ಅರ್ಧ ಶುಲ್ಕ, ನೋಂದಣಿಯಾಗುವಾಗಲೇ ಪ್ರಮಾಣಪತ್ರ ಏರಿಸಬೇಕು. ಸೇರುವುದಕ್ಕೂ ಕಲಿಯುವುದಕ್ಕೂ ಶುಲ್ಕವಿಲ್ಲ, ಪರೀಕ್ಷೆಯ ನೋಂದಣಿ ಮುಚ್ಚುವುದು ಕೋರ್ಸು ಶುರುವಾಗಿ ಕೆಲವು ವಾರಗಳ ನಂತರ. ಹಾಗಾಗಿ ಐದಕ್ಕೆ ಸೇರಿ, ನಾಲ್ಕು ವಾರ ರುಚಿ ನೋಡಿ, ಮೂರಕ್ಕೆ ದುಡ್ಡು ಕಟ್ಟಿದೆ. ಬಿಟ್ಟ ಎರಡರ ಬಗ್ಗೆ ಯಾರೂ ಕೇಳುವುದಿಲ್ಲ.

ಈಗ ಓದಿದ ರೀತಿ. ಒಂದು ಕೋರ್ಸಿನ ಪಾಠಗಳ ಲಿಖಿತ ರೂಪ ಸುಮಾರು ಏಳುನೂರು ಪುಟ ಬರುತ್ತದೆ. ಒಂದು ಬದಿಗೆ ಎರಡು ಪುಟದಂತೆ ಕುಗ್ಗಿಸಿ ಮುದ್ರಿಸಿದರೆ, ನಮ್ಮ ಜೆರಾಕ್ಸ್ ಅಂಗಡಿಯ ಬದಿಗೊಂದು ರೂಪಾಯಿ ದರದಲ್ಲಿ, ಸ್ಪೈರಲ್ ಬೈಂಡಿಂಗ್ ಸೇರಿ ನಾನೂರರ ಆಸುಪಾಸು. ಕರೆಂಟ್ ಬೇಡ, ಸಿಗ್ನಲ್ ಬೇಡ. ವಾರದ ಅಸೈನ್‌ಮೆಂಟ್ ಬಂದ ತಕ್ಷಣ, ಪಾಠ ಓದುವ ಮೊದಲೇ, ಹತ್ತೂ ಪ್ರಶ್ನೆಗಳನ್ನು ಕೈಯಲ್ಲಿ ಬರೆದುಕೊಂಡು ತೋಚಿದ ಉತ್ತರ ಹಾಕಿ ಸಲ್ಲಿಸಿಬಿಡುತ್ತಿದ್ದೆ. ಗಡುವಿನೊಳಗೆ ಎಷ್ಟು ಸಲ ಬೇಕಾದರೂ ತಿದ್ದಿ ಸಲ್ಲಿಸಬಹುದು, ಕೊನೆಯದು ಲೆಕ್ಕಕ್ಕೆ. ಹಾಗಾಗಿ ಬುಧವಾರ ರಾತ್ರಿ ನೆಟ್‌ವರ್ಕ್ ಕೈಕೊಟ್ಟರೂ ಸೊನ್ನೆಯಂತೂ ಇಲ್ಲ. ಆಮೇಲೆ ಆ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಮುದ್ರಿತ ಪಾಠ ಓದುವುದು. ಮೊದಲು ಉತ್ತರಿಸಲು ಒದ್ದಾಡಿದ್ದರಿಂದ ಕಣ್ಣು ತಾನಾಗಿಯೇ ಬೇಕಾದ ಸಾಲಿಗೆ ಹೋಗಿ ನಿಲ್ಲುತ್ತದೆ. ಲಿಖಿತ ರೂಪದಲ್ಲಿ ಸೂತ್ರಗಳು ಸರಿಯಾಗಿ ಬಂದಿರುವುದಿಲ್ಲ, ‘ಇಲ್ಲಿ ನೋಡಿ, ಇದು ಅದಕ್ಕೆ ಹೋಗುತ್ತದೆ’ ಎಂಬಂಥ ಮಾತುಗಳಿರುತ್ತವೆ. ಅಲ್ಲಿ ಮಾತ್ರ ವಿಡಿಯೊ ತೆರೆಯುತ್ತಿದ್ದೆ. ಇಡೀ ಕೋರ್ಸಿನಲ್ಲಿ ಹೆಚ್ಚೆಂದರೆ ಕಾಲು ಭಾಗದಷ್ಟು ನೋಡಿರಬಹುದು.

ಕೆಲವು ಕೋರ್ಸುಗಳ ಪಾಠ ಕನ್ನಡದಲ್ಲೂ ಇದೆ. ಐಐಟಿ ಖರಗ್‌ಪುರದ ಇಂಟರ್ನೆಟ್ ಆಫ್ ಥಿಂಗ್ಸ್, ಕ್ಲೌಡ್ ಕಂಪ್ಯೂಟಿಂಗ್‌ನಂಥ ವಿವರಣೆಯ ವಿಷಯಗಳಿಗೆ ಇನ್ನೊಂದು ಪ್ರಯೋಗ ಮಾಡಿದೆ. ಜನವರಿಯೆಂದರೆ ನಮ್ಮಲ್ಲಿ ಅಡಿಕೆ ಕೊಯ್ಲಿನ ಕಾಲ. ವಾರಾಂತ್ಯಕ್ಕೆ ಮನೆಗೆ ಹೋದಾಗ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತ, ಕಿವಿಯಲ್ಲಿ ಪಾಠವನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಿದ್ದೆ. ವಿವರಣೆಯ ಪಾಠಗಳು ಹೀಗೆ ಚೆನ್ನಾಗಿಯೇ ಇಳಿದವು. ಐಐಟಿ ರೂರ್ಕಿಯ ಡೇಟಾ ಅನಲಿಟಿಕ್ಸ್‌ಗೆ ಇದನ್ನೇ ಮಾಡಲು ಹೋದರೆ ಪಾಠವೂ ತಲೆಗೆ ಹೋಗಲಿಲ್ಲ, ಅಡಿಕೆಯೂ ಅರ್ಧಂಬರ್ಧ ಸುಲಿದು ಆಯಿಯ ಕೈಯಲ್ಲಿ ಬೈಸಿಕೊಂಡೆ. ಲೆಕ್ಕ ಇರುವ ಕೋರ್ಸಿಗೆ ಕಿವಿ ಸಾಲದು. ಸ್ನೇಹಿತೆಯರ ಜತೆ ರಾತ್ರಿ ವಿಡಿಯೊ ಕರೆಯಲ್ಲಿ ಒಟ್ಟಿಗೆ ಓದುವ ಪ್ರಯತ್ನವೂ ನಡೆಯಿತು. ಎರಡನೆಯ ವಾರಕ್ಕೆ ಅದು ಹರಟೆಯಾಯಿತು, ಮೂರನೆಯ ವಾರಕ್ಕೆ ನಿಂತಿತು.

ಪರೀಕ್ಷೆಗೆ ಮೂರು ವಾರ ಇರುವಾಗ ಹೊಸದನ್ನು ಓದುವುದು ನಿಲ್ಲಿಸಿ ಹಳೆಯ ಅಸೈನ್‌ಮೆಂಟ್‌ಗಳನ್ನು ಉತ್ತರ ಮುಚ್ಚಿಟ್ಟು ಬಿಡಿಸಿದೆ, ನಮ್ಮ ಅವಧಿಯವು ಮಾತ್ರವಲ್ಲ, ಹಿಂದಿನ ಎರಡು ಮೂರು ಅವಧಿಗಳವೂ ಸೇರಿ. ನಾನು ಬರೆದ ಪತ್ರಿಕೆಗಳಲ್ಲಿ ಮೂರರಲ್ಲೊಂದು ಭಾಗದಷ್ಟಾದರೂ ಪ್ರಶ್ನೆಗಳು ಅದೇ ಅಚ್ಚಿನವು, ಸಂಖ್ಯೆ ಬೇರೆ, ಆಯ್ಕೆಗಳ ಕ್ರಮ ಬೇರೆ. ಕೊನೆಯ ನಾಲ್ಕು ದಿನ ಏಳುನೂರು ಪುಟವನ್ನು ಐವತ್ತಕ್ಕೆ ಇಳಿಸುವುದು ಹೇಗೆಂದು ಎಲ್ಲರೂ ಕೇಳುತ್ತಾರೆ. ಅದನ್ನು ತಂಗಿಗೆ ಮೀಸಲಿಟ್ಟಿದ್ದೇನೆ, ಅವಳ ಪರೀಕ್ಷೆ ಮುಗಿಯುವವರೆಗೆ ಬಾಯಿ ಬಿಡುವುದಿಲ್ಲ. ಪರೀಕ್ಷೆಯ ದಿನ ಪ್ರವೇಶಪತ್ರದ ಜತೆ ಮೂಲ ಗುರುತಿನ ಚೀಟಿಯೇ ಬೇಕು. ಮೊಬೈಲಿನಲ್ಲಿ ಫೋಟೊ ತೋರಿಸಲು ಹೋದ ಹುಡುಗನೊಬ್ಬ ಬಾಗಿಲಲ್ಲೇ ಉಳಿದದ್ದನ್ನು ಕಂಡಿದ್ದೇನೆ.

ಜನವರಿ ಅವಧಿಯ ಮೂರರಲ್ಲಿ ಎರಡು ಬೆಳ್ಳಿ, ಒಂದು ಎಲೀಟ್. ‘ಒಂದಕ್ಕೇ ಸೋತವಳು ಮೂರು ತೆಗೆದುಕೊಂಡಿದ್ದೀಯಲ್ಲಮ್ಮ’ ಎಂದಿದ್ದ ನಮ್ಮ ಸ್ಪಾಕ್ ಸರ್ ಒಂದು ಕೋರ್ಸಿನಲ್ಲಿ ಮೊದಲ ಶೇಕಡಾ 5ರೊಳಗೆ ಬಂದ ಸಾಧಕರ ಪಟ್ಟಿಯಲ್ಲಿ ನನ್ನ ಹೆಸರು ನೋಡಿ, ಅದನ್ನು ಸೂಚನಾ ಫಲಕಕ್ಕೆ ತಾವೇ ಅಂಟಿಸಿದರು. ಜುಲೈ ಅವಧಿಗೆ ಇನ್ನು ಮೂರು. ಮಳೆ ಹಳೆಯದೇ, ಕರೆಂಟ್ ಹೋಗುವುದೂ ಹಳೆಯದೇ. ಈ ಸಲ ಮೂರು ವಾರಗಳ ಅಸೈನ್‌ಮೆಂಟ್ ಹಾಳಾದರೂ ಲೆಕ್ಕ ಕೆಡಲಿಲ್ಲ.

ಅಂಕಕ್ಕಿಂತ ಕಾಗದಪತ್ರದಲ್ಲಿ ಕಳೆದುಕೊಂಡವರು ಹೆಚ್ಚು. ನಮ್ಮ ಸೀನಿಯರ್ ಒಬ್ಬರು ಬೆಳ್ಳಿ ಪಡೆದ ಕೋರ್ಸು ವಿಶ್ವವಿದ್ಯಾಲಯದ ಒಪ್ಪಿತ ಪಟ್ಟಿಯಲ್ಲಿರಲಿಲ್ಲ, ಮೂರು ಕ್ರೆಡಿಟ್ ಹೋಯಿತು. ಇನ್ನೊಬ್ಬರು ಎಂಟು ವಾರದ ಕೋರ್ಸನ್ನು ಮೂರು ಕ್ರೆಡಿಟ್ ಎಂದುಕೊಂಡಿದ್ದರು, ಅದಕ್ಕೆ ಬರುವುದು ಎರಡೇ. ಸೇರುವ ಮೊದಲು ಆ ಅವಧಿಯ ಪಟ್ಟಿಯಲ್ಲಿ ಕೋರ್ಸಿನ ಹೆಸರು ನೋಡಿ, ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ. ಬಾಯಿಮಾತು ನಡೆಯುವುದಿಲ್ಲ. ಹೆಸರಿನ ವಿಷಯವೂ ಅಷ್ಟೇ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಇನ್ನೆಲ್ಲೋ ಅಪ್ಪನ ಪೂರ್ತಿ ಹೆಸರು. ಪರೀಕ್ಷೆಗೆ ನೋಂದಾಯಿಸುವಾಗ ಕೊಟ್ಟ ಹೆಸರೇ ಪ್ರಮಾಣಪತ್ರದಲ್ಲಿ ಬರುತ್ತದೆ. ವಿಶ್ವವಿದ್ಯಾಲಯದ ದಾಖಲೆಯಲ್ಲಿ ಇರುವಂತೆಯೇ ಹಾಕಿ.

ನಡುವೆ ದೊಡ್ಡಪ್ಪನ ಮಗ ‘ಆನ್‌ಲೈನ್ ಬಿ.ಇ.’ ಕೊಡಿಸುವವರೊಬ್ಬರ ಕರೆ ನಂಬಿ ಇಪ್ಪತ್ತೈದು ಸಾವಿರ ಮುಂಗಡ ಕಟ್ಟಲು ಹೊರಟಿದ್ದ. ಎಂಜಿನಿಯರಿಂಗ್ ಪದವಿಯನ್ನು ಪೂರ್ತಿ ಆನ್‌ಲೈನ್‌ನಲ್ಲಿ ಕೊಡಲು ಯುಜಿಸಿಯ 2020ರ ನಿಯಮಾವಳಿಯಲ್ಲಿ ಅವಕಾಶವೇ ಇಲ್ಲ ಎಂದು ತೋರಿಸಿದ ಮೇಲೆ ನಿಂತ. ಈಗ ಆನ್‌ಲೈನ್ ಬಿ.ಕಾಂ.ಗೆ ಸೇರಿದ್ದಾನೆ, ಯುಜಿಸಿಯ ದೂರಶಿಕ್ಷಣ ಮಂಡಳಿಯ ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯ ಮತ್ತು ಆ ಕೋರ್ಸು ಎರಡೂ ಇರುವುದನ್ನು ನೋಡಿ, ಆ ಮಂಡಳಿಯ ವಿದ್ಯಾರ್ಥಿ ಗುರುತಿನ ಸಂಖ್ಯೆಯಾದ ಡೆಬ್ ಐಡಿ ಮಾಡಿಸಿಕೊಂಡು. ಆ ಕರೆಯವರು ಮಾತ್ರ ಈಗಲೂ ಅಪ್ಪನ ಮೊಬೈಲಿಗೆ ಫೋನ್ ಮಾಡಿ ತಿಂಗಳ ಕಂತಿನ ಸಾಲ ಕೊಡುತ್ತೇವೆ ಎನ್ನುತ್ತಾರೆ. ಅಪ್ಪ ಅವರಿಗೆ ಅಡಿಕೆ ಧಾರಣೆ ಕೇಳುತ್ತಾರೆ.

ಒಟ್ಟು ಖರ್ಚು, ಸೋತ ಸಾವಿರವೂ ಸೇರಿ: ಶುಲ್ಕ ಏಳು ಸಾವಿರ, ಮುದ್ರಣ ಎರಡೂವರೆ ಸಾವಿರದಷ್ಟು, ಆಟೊ, ಡೇಟಾ ಪ್ಯಾಕ್, ಚಿಕ್ಕಮ್ಮನ ಮಕ್ಕಳಿಗೆ ಒಯ್ದ ತಿಂಡಿ ಎಲ್ಲ ಸೇರಿ ಇನ್ನೊಂದೂವರೆ. ಹನ್ನೊಂದು ಸಾವಿರದ ಒಳಗೆ ಎನ್ನಿ.

ಈ ಕ್ರಮ ಎಲ್ಲಕ್ಕೂ ನಡೆಯುತ್ತದೆ ಎಂದು ಹೇಳಲಾರೆ. ಜಾವಾದಂಥ ಕೋರ್ಸುಗಳಲ್ಲಿ ವಾರವಾರವೂ ಪ್ರೋಗ್ರಾಂ ಬರೆದು ಅಲ್ಲೇ ಓಡಿಸಿ ತೋರಿಸಬೇಕು. ಅಲ್ಲಿ ಮುದ್ರಿತ ಪುಸ್ತಕ ಅಷ್ಟಾಗಿ ಉಪಯೋಗಕ್ಕೆ ಬರಲಿಲ್ಲ. ನಾಲ್ಕು ವಾರ ನೋಡಿ ನಾನು ಬಿಟ್ಟ ಎರಡರಲ್ಲಿ ಅದೂ ಒಂದು. ತಂಗಿ ಈ ಜನವರಿಯಲ್ಲಿ ಅದನ್ನೇ ತೆಗೆದುಕೊಳ್ಳುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಕರೆಂಟ್ ಇಲ್ಲದಾಗ ಕಾಗದದ ಮೇಲೆ ಪ್ರೋಗ್ರಾಂ ಬರೆದಿಟ್ಟು, ಹಾಸ್ಟೆಲಿಗೆ ಬಂದು ಓಡಿಸಿ ನೋಡುವ ಉಪಾಯ ಅವಳದು. ಮೂರು ವಾರದ ಹಳೆಯ ಪ್ರಶ್ನೆಗಳ ಮೇಲೆ ನಾವಿಬ್ಬರೂ ಅದನ್ನು ಪ್ರಯತ್ನಿಸಿದ್ದೇವೆ, ಎರಡು ವಾರದ್ದು ಮೊದಲ ಸಲಕ್ಕೇ ಓಡಿತು.