ಬಾಹಾ ತಂಡಕ್ಕೆ ಸಾಫ್ಟ್‌ವೇರ್ ಆರಿಸುವಾಗ

ಕಚ್ಚಾ ಹಾದಿಯ ವಾಹನವನ್ನು ವಿದ್ಯಾರ್ಥಿಗಳೇ ರೂಪಿಸಿ, ಕಟ್ಟಿ, ಓಡಿಸುವ ಸ್ಪರ್ಧೆ ಬಾಹಾ. ಕಾಲೇಜಿನ ಬಾಹಾ ತಂಡಕ್ಕೆ ಮಾರ್ಗದರ್ಶಕನಾದ ನನ್ನನ್ನು ವಿದ್ಯಾರ್ಥಿಗಳು ಪ್ರತಿ ವರ್ಷವೂ ಕೇಳುತ್ತಾರೆ: “ಸರ್, ಯಾವ ಕ್ಯಾಡ್ ಒಳ್ಳೆಯದು?” ಕ್ಯಾಡ್ ಎಂದರೆ ಭಾಗಗಳನ್ನು ಕಂಪ್ಯೂಟರಿನಲ್ಲಿ ರೂಪಿಸುವ ಸಾಫ್ಟ್‌ವೇರ್. ತಂಡದ ಎಲ್ಲರ ಲ್ಯಾಪ್‌ಟಾಪ್‌ನಲ್ಲೂ ತೆರೆದುಕೊಳ್ಳುವುದೇ ಒಳ್ಳೆಯದು ಎನ್ನುತ್ತೇನೆ.

ಸಾಲಿಡ್‌ವರ್ಕ್ಸ್ ಎಂಬ ಕ್ಯಾಡ್ ಆದರೆ ಎಲ್ಲರೂ ಒಂದೇ ವರ್ಷದ ಆವೃತ್ತಿ ಹಾಕಿಕೊಳ್ಳಿ. ಹೊಸದರಲ್ಲಿ ಉಳಿಸಿದ ಫೈಲನ್ನು ಹಳೆಯದು ಸಾಮಾನ್ಯವಾಗಿ ತೆರೆಯುವುದಿಲ್ಲ. ಬೇರೆ ಬೇರೆ ಕ್ಯಾಡ್‌ಗಳ ನಡುವೆ ಸಾಗಿಸಬಹುದಾದ ಸ್ಟೆಪ್ ಫೈಲ್ ಕಳಿಸಿದರೆ ಆಕಾರ ಬರುತ್ತದೆ, ಅದನ್ನು ಕಟ್ಟಿದ ಹಂತಗಳು ಬರುವುದಿಲ್ಲ. ಹಾಗಾಗಿ ರೋಲ್ ಕೇಜ್‌ನ (ಚಾಲಕನನ್ನು ಕಾಯುವ ಕೊಳವೆಗಳ ಪಂಜರ) ಒಂದು ಬಾಗು ತಿದ್ದುವುದೂ ದೊಡ್ಡ ಕೆಲಸವಾಗುತ್ತದೆ. ಆನ್‌ಶೇಪ್ ಎಂಬ ಇನ್ನೊಂದು ಕ್ಯಾಡ್ ಬ್ರೌಸರ್‌ನಲ್ಲೇ ನಡೆಯುವುದರಿಂದ ಈ ತಾಪತ್ರಯವಿಲ್ಲ, ಒಂದೇ ಅಸೆಂಬ್ಲಿಯಲ್ಲಿ (ಭಾಗಗಳನ್ನು ಜೋಡಿಸಿದ ಮಾದರಿ) ಇಬ್ಬರು ಒಟ್ಟಿಗೆ ಕೆಲಸ ಮಾಡಬಹುದು. ಹಾಸ್ಟೆಲಿನ ಇಂಟರ್ನೆಟ್ ನಂಬುವಂತಿರಬೇಕು, ಅಷ್ಟೆ.

ಭಾಗ ಹೊರೆ ತಡೆಯುತ್ತದೆಯೇ ಎಂದು ಲೆಕ್ಕ ಹಾಕುವ ವಿಶ್ಲೇಷಣೆಗೆ ಆನ್ಸಿಸ್ ಸಾಫ್ಟ್‌ವೇರ್‌ನ ಉಚಿತ ವಿದ್ಯಾರ್ಥಿ ಆವೃತ್ತಿ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಲೆಕ್ಕಕ್ಕಾಗಿ ಮಾದರಿಯನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ಒಡೆಯುತ್ತೇವೆ, ಆ ತುಂಡುಗಳ ಜಾಲವೇ ಮೆಶ್. ಈ ಆವೃತ್ತಿಯಲ್ಲಿ ಮೆಶ್ ಗಾತ್ರಕ್ಕೆ ಮಿತಿಯಿದೆ. ಕೇಜ್‌ನ ತೆಳು ಕೊಳವೆಗಳನ್ನು ಘನ ಎಲಿಮೆಂಟ್‌ಗಳಿಂದ ತುಂಬಿಸಿದರೆ ಆ ಮಿತಿ ಬೇಗ ಮುಗಿಯುತ್ತದೆ. ಕೊಳವೆಯ ಮಧ್ಯರೇಖೆಯನ್ನಷ್ಟೇ ಎಳೆದು, ಹೊರವ್ಯಾಸ ಮತ್ತು ದಪ್ಪ ಕೊಟ್ಟು, ರೇಖೆಯಂತಿರುವ ಬೀಮ್ ಎಲಿಮೆಂಟ್ ಬಳಸಿ. ಇಡೀ ಕೇಜ್ ಸುಲಭವಾಗಿ ಹಿಡಿಸುತ್ತದೆ, ಉತ್ತರವೂ ಬೇಗ ಸಿಗುತ್ತದೆ. ಬೆಸುಗೆಯ ಜಾಗದ ಸ್ಥಳೀಯ ಒತ್ತಡ ಬೇಕಿದ್ದರೆ ಆ ಕೀಲನ್ನು ಮಾತ್ರ ಬೇರೆಯಾಗಿ ನೋಡಿ.

ಸರ್ಕ್ಯೂಟ್ ಬೋರ್ಡಿಗೆ ಕೈಕ್ಯಾಡ್, ಕೋಡ್‌ನ ಬದಲಾವಣೆಗಳ ದಾಖಲೆಗೆ ಗಿಟ್. ಎರಡೂ ಉಚಿತ, ಹೆಚ್ಚು ಚರ್ಚೆ ಬೇಡ.

ತೀರ್ಮಾನಕ್ಕೆ ಮುನ್ನ ಸೀನಿಯರ್ ಒಬ್ಬರು ಸ್ಟೀರಿಂಗ್ ನಕಲ್ (ಮುಂದಿನ ಚಕ್ರವನ್ನು ಹಿಡಿದು ತಿರುಗಿಸುವ ಭಾಗ) ಒಂದನ್ನು ರೂಪಿಸಲಿ. ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬಳು ಅದರ ಬೇರಿಂಗ್ ರಂಧ್ರವನ್ನು 2 ಮಿಲಿಮೀಟರ್ ಹಿಗ್ಗಿಸಲಿ. ಯಾರ ಸಹಾಯವೂ ಇಲ್ಲದೆ ಡ್ರಾಯಿಂಗ್‌ನಲ್ಲೂ ಅಳತೆ ಬದಲಾದರೆ ಆ ಸಾಫ್ಟ್‌ವೇರನ್ನೇ ಇಟ್ಟುಕೊಳ್ಳಿ.