ಪೈ ಹಿಡಿಯಲು ನಂಬರ್ ಪ್ಲೇಟು

ಪೈ ಬೆಲೆ 22/7 ಅಂತ ಹೇಳಿದರೆ ಮಕ್ಕಳು ಬರೆದುಕೊಂಡು ಸುಮ್ಮನಾಗುತ್ತಾರೆ. ಅದೇ ಪೈಗೆ ಬೋರ್ಡಿನ ಈ ತುದಿಯಿಂದ ಆ ತುದಿ ಮುಟ್ಟುವಂಥ ಸೂತ್ರ ಬರೆದು ನೋಡಿ, ಹಿಂದಿನ ಬೆಂಚಿನವರೂ ಕ್ಯಾಲ್ಕುಲೇಟರ್ ಕೇಳುತ್ತಾರೆ. ಕಲಬುರಗಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವ ನನಗೆ ಈ ಚಟ ಹತ್ತಿದ್ದು ಆ ಕಾರಣಕ್ಕೇ. ಬೇಕಿಲ್ಲದಷ್ಟು ಉದ್ದವಿರಬೇಕು, ಯಾವ ಕೆಲಸಕ್ಕೂ ಬರಬಾರದು, ಉತ್ತರ ಮಾತ್ರ ನೆಟ್ಟಗೆ ಬರಬೇಕು. ಮಾರ್ಚ್ 14 ಪೈ ದಿನ ಹೌದು, ಆದರೆ ಆ ಹೊತ್ತಿಗೆ ಎಸ್ಸೆಸ್ಸೆಲ್ಸಿ ಗದ್ದಲ ತಲೆ ಮೇಲೆ ಕುಂತಿರುತ್ತದೆ. ಹಾಗಾಗಿ ನಮ್ಮಲ್ಲಿ ಈ ಆಟ, ಅಂದರೆ ಪೈಗೆ ಬೇಕಿಲ್ಲದಷ್ಟು ಕಷ್ಟದ ಸೂತ್ರ ಕಟ್ಟುವ ಸ್ಪರ್ಧೆ, ಜುಲೈ 22ಕ್ಕೆ. 22/7 ಅನ್ನು ತಾರೀಖಿನಂತೆ ಓದಿದರೆ ಅದೂ ಪೈ ದಿನವೇ.

ಸುತ್ತುಬಳಸಿ ಪೈ ಹೇಳುವುದು ಹೊಸದೇನಲ್ಲ. 499ರಲ್ಲಿ ಆರ್ಯಭಟ ಹೇಳಿದ್ದನ್ನೇ ನೋಡಿ: ನೂರಕ್ಕೆ ನಾಲ್ಕು ಕೂಡಿಸು, ಎಂಟರಿಂದ ಗುಣಿಸು, ಅರವತ್ತೆರಡು ಸಾವಿರ ಸೇರಿಸು, ಇಪ್ಪತ್ತು ಸಾವಿರ ವ್ಯಾಸದ ವೃತ್ತಕ್ಕೆ ಇದು ಪರಿಧಿ. 62832ನ್ನು 20000ದಿಂದ ಭಾಗಿಸಿದರೆ 3.1416. ಶ್ಲೋಕದಲ್ಲಿ ಕೂರಿಸಬೇಕಿತ್ತಲ್ಲ, ಅದಕ್ಕೆ ಇಷ್ಟು ಮೆಟ್ಟಿಲು. ಜೊತೆಗೆ ‘ಆಸನ್ನ’ ಅಂದ, ಹತ್ತಿರದ್ದು, ಪೂರ್ತಿ ಅಲ್ಲ ಅಂತ. ನಮ್ಮ ಸೇಡಂ ರಸ್ತೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಹೊಗಳಿ ಗ್ರಂಥ ಶುರು ಮಾಡಿದ ಮಹಾವೀರಾಚಾರ್ಯ ಮಾತ್ರ ಸರಳ ಮನುಷ್ಯ: ಒರಟು ಲೆಕ್ಕಕ್ಕೆ 3, ಸೂಕ್ಷ್ಮ ಲೆಕ್ಕಕ್ಕೆ √10. ಅದು 3.1623. ಎರಡನೇ ದಶಮಾಂಶಕ್ಕೇ ದಾರಿ ಬಿಡುತ್ತದೆ, ಆದರೆ ನೆನಪಿಡಲು ಅದರಷ್ಟು ಸುಲಭದ್ದು ಇನ್ನೊಂದಿಲ್ಲ.

ಇನ್ನು ರಾಮಾನುಜನ್. 9ರ ವರ್ಗಕ್ಕೆ, 19ರ ವರ್ಗವನ್ನು 22ರಿಂದ ಭಾಗಿಸಿ ಕೂಡಿಸಿ. ಬಂದದ್ದರ ವರ್ಗಮೂಲ, ಅದರ ವರ್ಗಮೂಲ. 3.141592652 ಬರುತ್ತದೆ, ಎಂಟು ದಶಮಾಂಶ ಸರಿ. 1914ರ ಅವರ ಲೇಖನದಲ್ಲಿ ಇದೂ ಇದೆ, ಒಂದೊಂದು ಪದಕ್ಕೆ ಸುಮಾರು ಎಂಟು ಅಂಕಿ ಕೊಡುವ ಆ ಹೆಸರಾಂತ ಶ್ರೇಣಿಯೂ ಇದೆ. 1985ರಲ್ಲಿ ಅಮೆರಿಕದ ಗಣಿತಜ್ಞ ಬಿಲ್ ಗಾಸ್ಪರ್ ಪೈನ ಒಂದು ಕೋಟಿ ಎಪ್ಪತ್ತೈದು ಲಕ್ಷ ಅಂಕಿ ತೆಗೆದದ್ದು ಆ ಶ್ರೇಣಿಯಿಂದಲೇ. ಶ್ರೇಣಿಯ ಹಿಂದೆ ದೊಡ್ಡ ಸಿದ್ಧಾಂತ ಇದೆ. ಈ 9, 19, 22ರದು ಹಾಗಲ್ಲ, ಅಂಕಿ ಆಡಿಸುತ್ತ ಸಿಕ್ಕಿದ್ದು ಅಂತ ಅವರೇ ಹೇಳಿದ್ದಾರೆ. ರಾಮಾನುಜನ್ ಅಂಕಿ ಆಡಿಸಬಹುದಾದರೆ ನಾನೂ ಆಡಿಸಬಹುದು ಅನ್ನೋದು ನನ್ನ ವಾದ. ಹೆಂಡತಿ ಒಪ್ಪಿಲ್ಲ.

ನನ್ನ ಪದ್ಧತಿ ಇಷ್ಟೇ: ಕಣ್ಣಿಗೆ ಬಿದ್ದ ಸಂಖ್ಯೆಯನ್ನು ಪೈನಿಂದ ಭಾಗಿಸುವುದು, ಪೂರ್ಣಾಂಕಕ್ಕೆ ಹತ್ತಿರ ಬಂತಾ ನೋಡುವುದು. ಪಿನ್‌ಕೋಡ್, ಎಸ್‌ಟಿಡಿ ಕೋಡ್, ಕರೆಂಟ್ ಬಿಲ್ಲು, ಯಾವುದನ್ನೂ ಬಿಟ್ಟಿಲ್ಲ. ನಂಬರ್ ಪ್ಲೇಟು ಬಸ್ ಸ್ಟ್ಯಾಂಡಿನ ಕಡೆ ಹೊರಟರೆ ಬೇಡವೆಂದರೂ ಕಾಣುತ್ತವೆ. ನಮ್ಮ ಭಾಗದ ಆರ್‌ಟಿಒ ನಂಬರುಗಳು ಸಾಲಾಗಿವೆ: ಕಲಬುರಗಿ 32, ಯಾದಗಿರಿ 33, ಬಳ್ಳಾರಿ 34, ಹೊಸಪೇಟೆ 35, ರಾಯಚೂರು 36, ಕೊಪ್ಪಳ 37, ಬೀದರ್ 38, ಭಾಲ್ಕಿ 39. ಬೀದರ್ ತನಕ ಏಳನ್ನು ಕೂಡಿಸಿದರೆ, ನಡುವಿನದು 35, ಏಳು ಮೂವತ್ತೈದಲೆ 245. ಪೈನಿಂದ ಭಾಗಿಸಿದೆ: 77.986. ಅಂದರೆ 78ಕ್ಕೆ ಕೂದಲೆಳೆ ಕಡಿಮೆ. 78 ಅಂದರೆ ಎರಡು ಭಾಲ್ಕಿ!

(32+33+34+35+36+37+38) ÷ (39+39) = 3.141025…

22/7ರ ವ್ಯತ್ಯಾಸ 0.00126, ಇದರದು 0.00057. ಅರ್ಧಕ್ಕಿಂತ ಕಡಿಮೆ. ಇಲ್ಲಿಗೇ ಬಿಟ್ಟಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಶೇಷ ಉಳಿದಾಗ ಕೈ ತುರಿಸುತ್ತದೆ. ಆ ಶೇಷ, ಇನ್ನೂ ನಿಖರವಾಗಿ, 0.00056701. ಕಲ್ಯಾಣ ಕರ್ನಾಟಕದವರಿಗೆ ಮನಸ್ಸಿಗೆ ಮೊದಲು ಬರುವ ಸಂಖ್ಯೆ ಯಾವುದು? 371. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ಕಲಂ. ನೌಕರಿ ಅರ್ಜಿ, ಕಾಲೇಜ್ ಸೀಟು, ಎಲ್ಲದರಲ್ಲೂ ಆ ಮೂರು ಅಂಕಿ. ಶೇಷವನ್ನು 371ರಿಂದ ಗುಣಿಸಿದೆ, 0.2104. ಏನೂ ಅಲ್ಲ. ಇನ್ನೊಮ್ಮೆ 371ರಿಂದ ಗುಣಿಸಿದೆ. 78.04.

ಕ್ಯಾಲ್ಕುಲೇಟರ್ ಒರೆಸಿ ಮತ್ತೆ ಮಾಡಿದೆ. 78.04ನೇ. ಮತ್ತೆ ಎರಡು ಭಾಲ್ಕಿ.

245/78 + 78/371² = 3.1415923…

ನಿಜವಾದ ಪೈ 3.1415926… ಆರು ದಶಮಾಂಶ ಸರಿ. ಹಿಂದುಳಿದ ಭಾಗದ ಕೊರತೆ ತುಂಬಲಿಕ್ಕೆ ಬಂದ ಕಲಂ ಇಲ್ಲಿ ಪೈನ ಕೊರತೆ ತುಂಬಿತು. ಸ್ಟಾಫ್ ರೂಮಿನಲ್ಲಿ ತೋರಿಸಿದಾಗ ಸಮಾಜ ವಿಜ್ಞಾನದ ಮಾಸ್ತರು ಕನ್ನಡಕ ಏರಿಸಿ ನೋಡಿ, “ಪೈಗೂ 371(ಜೆ) ಸರ್ಟಿಫಿಕೇಟ್ ಮಾಡಿಸಿ ಕೊಟ್ರೇನ್ರಿ?” ಅಂದರು.

ಇನ್ನು ಅಲಂಕಾರ. ಮದುವೆ ಹಂದರದಂತೆ, ಕಂಬ ನಿಂತ ಮೇಲೆ ತೋರಣಕ್ಕೆ ಮಿತಿ ಇಲ್ಲ. 371ಕ್ಕೆ ಒಂದು ಗುಣ ಇದೆ: ತನ್ನದೇ ಅಂಕಿಗಳ ಘನ ಕೂಡಿಸಿದರೆ ಅದೇ ಬರುತ್ತದೆ, 27+343+1. ಹಾಗಾಗಿ 371 ಬದಲು 3³+7³+1³ ಅಂತ ಬರೆದೆ. 78 ಅನ್ನುವುದು 1ರಿಂದ 12ರವರೆಗಿನ ಮೊತ್ತ, ಅದನ್ನೂ ಬಿಡಿಸಿ ಬರೆದೆ. ಈಗ ಸೂತ್ರ ಬೋರ್ಡಿನಲ್ಲಿ ಹಿಡಿಸುವುದಿಲ್ಲ. ಇದರಿಂದ ಬೆಲೆ ಒಂದು ಎಳ್ಳಿನಷ್ಟೂ ಸುಧಾರಿಸಲಿಲ್ಲ, ಅದೇ ಇದರ ಚಂದ.

ಒಂಬತ್ತನೇ ಕ್ಲಾಸಿನ ಹುಡುಗಿ ಕೇಳಿದಳು: “ಸರ್, ಇದು ಖರೇನ ಏನಾರ ಸಂಬಂಧ ಅದ ಏನ್ರಿ, ಇಲ್ಲಾ ಸುಮ್ನ ಬಂತೇನ್ರಿ?” ಸುಮ್ಮನೇ ಬಂದದ್ದು. ಯಾವುದೋ ಗುಣಾಕಾರ ಒಂದು ಪೂರ್ಣಾಂಕಕ್ಕೆ 0.05ರಷ್ಟು ಹತ್ತಿರ ಬೀಳುವ ಸಾಧ್ಯತೆ ಹತ್ತಕ್ಕೊಂದು. ನನ್ನ ಚೀಲದಲ್ಲಿರುವ ಸಂಖ್ಯೆಗಳು ಹತ್ತಕ್ಕಿಂತ ಎಷ್ಟೋ ಹೆಚ್ಚು, ಎಲ್ಲಿಯೋ ಒಂದು ತಾಗಲೇಬೇಕು. 78 ಎರಡನೇ ಸಲ ಬಂದದ್ದು ಮಾತ್ರ ಲಾಟರಿ, ಅದಕ್ಕೆ ನನ್ನ ಹತ್ತಿರ ವಿವರಣೆ ಇಲ್ಲ, ಬೇಕೂ ಇಲ್ಲ.

ಲಾಟರಿ ಎಷ್ಟು ದೊಡ್ಡದು ಅಂತ ಅಳೆಯಲು ಮಕ್ಕಳಿಗೆ ಒಂದು ತಕ್ಕಡಿ ಹೇಳಿಕೊಟ್ಟಿದ್ದೇನೆ: ಸೂತ್ರಕ್ಕೆ ಎಷ್ಟು ಅಂಕಿ ಹಾಕಿದೆ, ಪೈನ ಎಷ್ಟು ಅಂಕಿ ವಾಪಸ್ ಬಂತು? ಐದನೇ ಶತಮಾನದ ಚೀನಾದ ಜು ಚೊಂಗ್‌ಜಿ ಕೊಟ್ಟ 355/113ಕ್ಕೆ ಆರು ಅಂಕಿ ಹಾಕಿದರೆ ಏಳು ಬರುತ್ತವೆ. ಲಾಭದ ವ್ಯಾಪಾರ. 113355 ಅಂತ ಬರೆದು ನಡುವೆ ಕತ್ತರಿಸಿದರೆ ಸಾಕು, ನೆನಪೂ ಉಳಿಯುತ್ತದೆ. ರಾಮಾನುಜನ್‌ರದು, ಎರಡು ಸಲದ ವರ್ಗಮೂಲವನ್ನು ನಾಲ್ಕನೇ ಮೂಲದ ಒಂದು 4 ಅಂತ ಎಣಿಸಿದರೆ, ಎಂಟು ಹಾಕಿ ಒಂಬತ್ತು. ನನ್ನದು, 32ರಿಂದ ಶುರು ಮಾಡಿ ನಾಲ್ಕೂ ಭಾಲ್ಕಿ, 371, ಮೇಲಿನ ವರ್ಗದ 2 ಎಲ್ಲ ಎಣಿಸಿದರೆ, 26 ಹಾಕಿ ಏಳು. ತೋರಣ ಲೆಕ್ಕಕ್ಕಿಲ್ಲ. ತೊಗರಿ ದರ ಬಿದ್ದ ವರ್ಷವೂ ಇಷ್ಟು ಲುಕ್ಸಾನು ಇರುವುದಿಲ್ಲ.

ಸ್ಪರ್ಧೆಗೆ ಒಂದೇ ನಿಯಮ: ಸೂತ್ರದೊಳಗೆ ಪೈ ಅಡಗಿ ಕೂತಿರಬಾರದು. ಇದನ್ನು ಹಾಕಬೇಕಾಗಿ ಬಂದದ್ದು ಒಬ್ಬ ಹುಡುಗನ ಕೈಚಳಕದಿಂದ. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿಟ್ಟು 1ನ್ನು 5555555ರಿಂದ ಭಾಗಿಸಿ ಸೈನ್ ಒತ್ತಿದ. 3.14159297, ಮುಂದೆ ಹತ್ತರ ಮೈನಸ್ ಒಂಬತ್ತನೇ ಘಾತ. ಕ್ಲಾಸೆಲ್ಲ ಚಪ್ಪಾಳೆ. ಆದರೆ ಕೋನಕ್ಕೆ ರೇಡಿಯನ್ ಅಂತ ಇನ್ನೊಂದು ಅಳತೆ ಇದೆ, ಒಂದು ಡಿಗ್ರಿ ಅಂದರೇ ಪೈಯನ್ನು 180ರಿಂದ ಭಾಗಿಸಿದಷ್ಟು ರೇಡಿಯನ್. ತೀರಾ ಸಣ್ಣ ಕೋನಕ್ಕೆ ಸೈನ್ ಬೆಲೆಯೂ ರೇಡಿಯನ್ ಬೆಲೆಯೂ ಬಹುತೇಕ ಒಂದೇ. 180ನ್ನು 5555555ರಿಂದ ಗುಣಿಸಿದರೆ 999999900, ಹೆಚ್ಚುಕಡಿಮೆ ನೂರು ಕೋಟಿ. ಅಂದರೆ ಪೈಯನ್ನೇ ನೂರು ಕೋಟಿಯಿಂದ ಭಾಗಿಸಿ ತೋರಿಸಿದ್ದಾನೆ. ಇದೇ ಜಾತಿಯ ದೊಡ್ಡ ಕೈ ಅಂದರೆ ಗಣಿತಜ್ಞರಾದ ಬೋರ್‌ವೈನ್ ಸಹೋದರರು 1992ರಲ್ಲಿ ಪ್ರಕಟಿಸಿದ್ದು: ಪ್ರತಿ ಪೂರ್ಣಾಂಕದ ವರ್ಗವನ್ನು ಸಾವಿರ ಕೋಟಿಯಿಂದ ಭಾಗಿಸಿ, ಅದರ ಋಣವನ್ನು ‘ಇ’ಗೆ (2.718… ಅನ್ನುವ ಸ್ಥಿರಾಂಕ) ಘಾತವಾಗಿ ಏರಿಸಿ, ಎಲ್ಲ ಕೂಡಿಸಿ, ಲಕ್ಷದಿಂದ ಭಾಗಿಸಿ, ವರ್ಗ ಮಾಡಿದರೆ ಪೈಗೆ 4200 ಕೋಟಿಗೂ ಹೆಚ್ಚು ಅಂಕಿ ಹೊಂದುತ್ತದೆ. ಆಮೇಲೆ ತಪ್ಪುತ್ತದೆ! ಆ ಸೂತ್ರವೂ ಪೈಯೂ ಸಮ ಅಲ್ಲವೇ ಅಲ್ಲ. ಲೇಖನದ ಹೆಸರಿನಲ್ಲೇ ಅವರು ಇದನ್ನು ಮೋಸ ಅಂತ ಕರೆದರು. ಮೋಸವನ್ನು ಇಷ್ಟು ಪ್ರಾಮಾಣಿಕವಾಗಿ ಮಾಡಿದವರನ್ನು ನಾನು ಬೇರೆ ಕಂಡಿಲ್ಲ.

ಖರೇನ ಸಂಬಂಧ ಅದ ಏನ್ರಿ ಅಂತ ಕೇಳಿದ್ದ ಅದೇ ಹುಡುಗಿ ತಂದದ್ದು ನನಗೆ ಎಲ್ಲಕ್ಕಿಂತ ಹಿಡಿಸಿತು. 11×12×14×17 = 31416. ಒಂದು, ಎರಡು, ಮೂರು ಹೆಜ್ಜೆ ಜಿಗಿಯುತ್ತ ಹೋಗಿ, ಹತ್ತು ಸಾವಿರದಿಂದ ಭಾಗಿಸಿದರೆ ನೆಟ್ಟಗೆ ಆರ್ಯಭಟನ ಬೆಲೆ. ನನ್ನ ನಂಬರ್ ಪ್ಲೇಟಿಗಿಂತ ಅದೇ ಚೊಕ್ಕ. ಆದರೆ ಸ್ಪರ್ಧೆ ಅನಗತ್ಯ ಕಷ್ಟದ್ದು, ಆಕೆಯದು ತೀರಾ ಸುಲಭ ಆಗಿಬಿಟ್ಟಿತು.

ಎಲ್ಲ ಮುಗಿಯಿತು ಅನ್ನುವಾಗ ಹಾಸ್ಟೆಲಿನ ಹುಡುಗನೊಬ್ಬ ಎದ್ದು ನಿಂತ. “ಸರ್, ಭಾಲ್ಕಿ ನಾಕ್ ಸಲ ಬರ್ತದ. ನಮ್ ಬಸವಕಲ್ಯಾಣ ಒಮ್ಮಿನೂ ಇಲ್ಲಲ್ರಿ?” ಮಾತು ಸರಿಯೇ. ಬಸವಕಲ್ಯಾಣ 56, ಸಾಲು ತಪ್ಪಿ ದೂರ ಬಿದ್ದಿದೆ. ಅವನನ್ನೇ ಬೋರ್ಡಿಗೆ ಕರೆದೆ. ಉಳಿದ ಶೇಷ 0.00000032095. 56ರಿಂದ ಗುಣಿಸುತ್ತ ಹೋಗು ಅಂದೆ. ನಾಲ್ಕನೇ ಸಲಕ್ಕೆ 3.156 ಬಂತು. ಪೂರ್ಣಾಂಕ ಅಲ್ಲ, ಆದರೆ ಎಲ್ಲೋ ನೋಡಿದ ಮುಖ. “ಸರ್, ಇದು ಪೈ ಇದ್ದಂಗ ಅದ ನೋಡ್ರಿ!” ಅಂತ ಅವನೇ ಕೂಗಿದ. ಪೈ ಹಾಕುವಂತಿಲ್ಲ, ನಿಯಮ ಇದೆ. ಅವನು 22/7 ಹಾಕಿದ.

245/78 + 78/371² + 22/(7×56⁴) = 3.141592652…

ಎಂಟು ದಶಮಾಂಶ ಸರಿ, ಕ್ಯಾಲ್ಕುಲೇಟರಿನ ಹತ್ತು ಅಂಕಿಯಲ್ಲಿ ಕಡೆಯದೊಂದೇ ತಪ್ಪು. ರಾಮಾನುಜನ್‌ರ 9, 19, 22 ಕೊಡುವುದೂ ಅಷ್ಟೇ ಅಂಕಿ, ಮುಂದೆ ತೆಗೆದರೆ ಅವರದೇ ಒಂದು ಗುಲಗಂಜಿ ಹತ್ತಿರ. ಆರು ಅಂಕಿ ಹೆಚ್ಚಿಗೆ ಹಾಕಿ ಎರಡು ಗಳಿಸಿದ್ದಾನೆ. ಆದರೆ ಜಗಳ ಹತ್ತಿತು: ಪೈ ಹಿಡಿಯಲು 22/7 ಬಳಸಿದರೆ ಪೈ ಅಡಗಿಸಿಟ್ಟಂತೆ ಆಗಲಿಲ್ಲವೇ? ಅರ್ಧ ಕ್ಲಾಸು ಹೌದು ಅಂದಿತು. 22/7 ಅನ್ನುವುದು ಬರೀ ಭಿನ್ನರಾಶಿ, ಅದರೊಳಗೆ ಯಾವ ವೃತ್ತವೂ ಇಲ್ಲ ಅಂತ ನಾನು ತೀರ್ಪು ಕೊಟ್ಟೆ. ಭಾಲ್ಕಿ ಕಡೆಯ ಇಬ್ಬರು ಇನ್ನೂ ಒಪ್ಪಿಲ್ಲ.